ಬಿಜಿಎಂಐ, 2021ರಿಂದ: ಆಟ ಇರಲಿ, ಜೊತೆಗೆ ಸಿಗುವವರ ಬಗ್ಗೆ ಹೇಳ್ತೀನಿ

ಗ್ರಾಫಿಕ್ಸ್, ಗನ್, ಹೊಸ ಮ್ಯಾಪ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅದು ನನ್ನ ಕೈಲಿ ಆಗುವ ಕೆಲಸವೂ ಅಲ್ಲ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಅನ್ನುವ ಗುಂಡು ಹಾರಿಸುವ ಫೋನ್ ಆಟದಲ್ಲಿ ರ್‍ಯಾಂಡಮ್ ಸ್ಕ್ವಾಡ್ ಒತ್ತಿದರೆ ಜೊತೆಗೆ ಬರುವ, ಗುರುತಿಲ್ಲದ ಮೂರು ಜನ ಎಂಥವರು, ಅವರ ವಯಸ್ಸೇನು, ಬುದ್ಧಿ ಎಷ್ಟು ಬಲಿತಿದೆ? ನಾನು ಬರೆಯುವುದು ಅಷ್ಟೇ. ಇಷ್ಟು ವರ್ಷ ಆಡಿದ ಮೇಲೆ ನನಗನಿಸುವುದು, ರಾತ್ರಿ ಆಟ ಮುಗಿಸಿ ಖುಷಿಯಾಗಿ ಮಲಗುತ್ತೇವೋ, ಉರ್ಕೊಂಡು ಮಲಗುತ್ತೇವೋ ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ.

ನನ್ನ ವಯಸ್ಸು ನಲವತ್ತು ದಾಟಿದೆ. ರಾಜಾಜಿನಗರದಲ್ಲಿ ಮನೆ, ಜಯನಗರದಲ್ಲಿ ಅಕೌಂಟ್ಸ್ ಕೆಲಸ. 2021ರ ಜುಲೈ 2ರಂದು ಈ ಆಟ ಬಂದಾಗ ಫೋನಿಗೆ ಹಾಕಿಕೊಟ್ಟವನು ಅಕ್ಕನ ಮಗ. ಅವನು ಮೊದಲು ಇದರದೇ ಹಳೇ ಅವತಾರವಾದ ಪಬ್‌ಜಿ ಆಡುತ್ತಿದ್ದ. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಮುಖ ಸಪ್ಪೆ ಮಾಡಿಕೊಂಡು ಓಡಾಡಿದವನು. ಈಗ ಇಂಜಿನಿಯರಿಂಗ್ ಮುಗಿಸಿ ಆಟ ಬಿಟ್ಟಿದ್ದಾನೆ. ಚಿಕ್ಕಮ್ಮ ನಾನು ಬಿಟ್ಟಿಲ್ಲ. 2022ರ ಜುಲೈ ಕೊನೆಯಲ್ಲಿ ಬಿಜಿಎಂಐಯನ್ನು ಆ್ಯಪ್ ಸ್ಟೋರ್‌ಗಳಿಂದ ತೆಗೆದರು. ಅದೇ ಹೊತ್ತಿಗೆ ನಾನು ಫೋನ್ ಬದಲಾಯಿಸಿದ್ದೆ, ಹಾಗಾಗಿ 2023ರ ಮೇ ತಿಂಗಳಲ್ಲಿ ವಾಪಸ್ ಬರುವವರೆಗೆ ಕೈ ಕಟ್ಟಿ ಕೂತಿದ್ದೆ. ಅದೊಂದೇ ದೊಡ್ಡ ಗ್ಯಾಪ್.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕು ನಾಲ್ಕು ಜನರ ತಂಡ, ಒಟ್ಟು ನೂರರವರೆಗೆ. ಎಲ್ಲರೂ ವಿಮಾನದಿಂದ ಖಾಲಿ ಕೈಯಲ್ಲಿ ಇಳಿಯುತ್ತಾರೆ. ಮನೆ ಮನೆ ನುಗ್ಗಿ ಗನ್, ಹೆಲ್ಮೆಟ್, ಔಷಧಿ ಹುಡುಕಿಕೊಳ್ಳಬೇಕು. ಆಡುವ ಜಾಗ, ಅಂದರೆ ಝೋನ್, ಹೊತ್ತು ಹೋದಂತೆ ಕಿರಿದಾಗುತ್ತದೆ. ಏಟು ತಿಂದವನು ತಕ್ಷಣ ಸಾಯಲ್ಲ, ನಾಕ್ ಆಗಿ ತೆವಳುತ್ತಾನೆ. ತಂಡದವರು ಬಂದು ರಿವೈವ್ ಮಾಡಬೇಕು, ಅಂದರೆ ಎಬ್ಬಿಸಬೇಕು. ಎರ್‍ಯಾಂಗಲ್ ಮ್ಯಾಪ್‌ನಲ್ಲಿ ಕೊನೆಯವರೆಗೂ ಉಳಿದರೆ ಸುಮಾರು ಅರ್ಧ ಗಂಟೆ.

ಈ ಅರ್ಧ ಗಂಟೆಯಲ್ಲಿ ಮನುಷ್ಯ ಎಂಥವನು ಅಂತ ಬಯಲಾಗುವುದು ಲೂಟ್ (ಹುಡುಕಿದ ಸಾಮಾನು) ಹಂಚಿಕೊಳ್ಳುವಾಗ, ಮತ್ತೆ ತಾನು ನಾಕ್ ಆದ ಮೊದಲ ಕೆಲವು ಸೆಕೆಂಡುಗಳಲ್ಲಿ.

ಒಂದು ಮ್ಯಾಚ್ ಹೇಳುತ್ತೇನೆ. ಆ ಮ್ಯಾಪ್‌ನ ಪೊಚಿಂಕಿ ಅನ್ನುವ ಊರಲ್ಲಿ ಇಳಿದಿದ್ದೆವು. ತಂಡದಲ್ಲಿ ನಾನು, ಮೈಕ್ ಹಾಕದ ಒಬ್ಬ, ವೈಟ್‌ಫೀಲ್ಡ್ ಕಡೆ ಕೆಲಸ ಅಂತ ತಾನೇ ಹೇಳಿಕೊಂಡ ಒಬ್ಬರು (ಮುಂದಿನ ವಾರ ಮಗುವಿನ ನಾಮಕರಣ ಅಂತಲೂ ಹೇಳಿದ್ದರು), ಮತ್ತೆ ಕಾಮಾಕ್ಷಿಪಾಳ್ಯದ ಹತ್ತನೇ ಕ್ಲಾಸ್ ಹುಡುಗ. ನಾನು ಎರಡು ಮಹಡಿ ಮನೆಯೊಂದಕ್ಕೆ ನುಗ್ಗಲು ಹೋದೆ. ಹುಡುಗ ಮೆಲ್ಲಗೆ ಹೇಳಿದ: "ಅಕ್ಕಾ, ನಿಲ್ಲಿ. ಆ ಬಾಗಿಲು ಆಗ್ಲೇ ತೆಗ್ದಿದೆ. ನಮ್ಮೋರು ಯಾರೂ ಹೋಗಿಲ್ಲ." ಈ ಆಟದಲ್ಲಿ ಮನೆ ಬಾಗಿಲುಗಳು ಮೊದಲಿಗೆ ಮುಚ್ಚಿರುತ್ತವೆ. ತೆರೆದಿದೆ ಅಂದರೆ ಯಾರೋ ಹೊಕ್ಕಿದ್ದಾರೆ. ಅಷ್ಟರಲ್ಲಿ ವೈಟ್‌ಫೀಲ್ಡ್‌ನವರು "ಬನ್ರೋ, ರಶ್ ಮಾಡಣ" ಅಂತ ಓಡಿಹೋಗಿ ಮೆಟ್ಟಿಲ ಮೇಲೆ ನಾಕ್ ಆದರು.

ಆಮೇಲೆ ಅವರ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯಲ್ಲ. ನಾನು ಕವರ್ ಕೊಡಲಿಲ್ಲವಂತೆ. ಮೈಕ್ ಹಾಕದವನು ಕಳ್ಳನಂತೆ. ಹುಡುಗನಿಗೆ ಆಟವೇ ಬರಲ್ವಂತೆ. ಸಿಕ್ಕಸಿಕ್ಕವರ ಮೇಲೆ ಗೂಬೆ ಕೂರಿಸಿದರು. ಹುಡುಗ ಒಂದು ಮಾತೂ ತಿರುಗಿ ಹೇಳಲಿಲ್ಲ. ಸ್ಮೋಕ್ ಎಸೆದ, ಹೊಗೆಯೊಳಗೆ ಹೋಗಿ ಅವರನ್ನು ಎಬ್ಬಿಸಿದ, ತನ್ನ ಹತ್ತಿರ ಇದ್ದ ಒಂದೇ ಫಸ್ಟ್ ಏಡ್ ಕಿಟ್ ಅವರ ಮುಂದೆ ಹಾಕಿದ. ಅವನ ಮೈಕ್‌ನಲ್ಲಿ ಹಿಂದೆ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. ಅವನ ತಾಯಿ ಊಟಕ್ಕೆ ಕರೆದರು. "ಐದ್ ನಿಮ್ಷ ಅಮ್ಮಾ, ಝೋನ್ ಕ್ಲೋಸ್ ಆಗ್ತಿದೆ" ಅಂದ. ಆ ತಾಯಿಗೆ ಯಾವ ಝೋನ್ ಅಂತ ಗೊತ್ತೋ ಇಲ್ಲವೋ, ಎರಡನೇ ಸಲ ಕರೆಯಲಿಲ್ಲ. ವೈಟ್‌ಫೀಲ್ಡ್‌ನವರು ಮತ್ತೆ ಅದೇ ಮೆಟ್ಟಿಲು ಹತ್ತಿ, ಮತ್ತೆ ಏಟು ತಿಂದು, ಲಾಬಿಗೆ (ಮ್ಯಾಚ್‌ನ ಹೊರಗೆ ಕಾಯುವ ಜಾಗಕ್ಕೆ) ಹೋದರು.

ಇಂಥದ್ದು ಅಪರೂಪ ಅಂದುಕೊಳ್ಳಬೇಡಿ. ರಾತ್ರಿ ಹನ್ನೊಂದರ ಮೇಲೆ ಆಡುವವರಲ್ಲಿ ದೊಡ್ಡವರೇ ಜಾಸ್ತಿ. ಕೇಳುವುದೂ ಜಾಸ್ತಿ ಇದೇ. ದಿನವಿಡೀ ಮ್ಯಾನೇಜರ್ ಮುಂದೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಾಯಿ ಮುಚ್ಚಿಕೊಂಡು ಇದ್ದವರಿಗೆ ಇಲ್ಲಿ ಮೈಕ್ ಸಿಗುತ್ತದೆ. ಏಪ್ರಿಲ್, ಮೇ ರಜೆಯ ಮಧ್ಯಾಹ್ನಗಳಲ್ಲಿ ಮಕ್ಕಳ ಕಾರುಬಾರು. ಕಿರುಚಾಟ ತಡೆಯಕ್ಕಾಗಲ್ಲ, ನಿಜ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಗನ್ ತುಂಬಿ ವಿಮಾನದಿಂದ ಬೀಳುವ ಒಂದೇ ಏರ್‌ಡ್ರಾಪ್‌ಗೆ ಮೂರು ಜನ ಓಡುತ್ತಾರೆ, ಎಡಬ್ಲ್ಯೂಎಂ ಗನ್ ಯಾರಿಗೆ ಅಂತ ಜಗಳ ಆಡಿಕೊಂಡು ಸ್ವಂತ ತಂಡದವರ ಕಾಲ ಬುಡಕ್ಕೇ ಗ್ರೆನೇಡ್ ಎಸೆಯುತ್ತಾರೆ. ಮಧ್ಯದಲ್ಲಿ ಟ್ಯೂಷನ್ ಅಂತ ಎದ್ದು ಹೋಗುತ್ತಾರೆ. ಆದರೆ ಅವರ ಜಗಳ ಮುಂದಿನ ಮ್ಯಾಚ್‌ವರೆಗೂ ಬರಲ್ಲ. ದೊಡ್ಡವರದು ಬರುತ್ತದೆ. ಸೋತ ಮೇಲೂ ಲಾಬಿಯಲ್ಲಿ ಕೂತು ಮೆಸೇಜ್ ಕಳಿಸುವವರೆಲ್ಲ ಸಂಬಳ ಎಣಿಸುವವರೇ.

ಹೆಣ್ಣು ದನಿ ಕೇಳಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನಾನು ಮೈಕ್ ಆನ್ ಮಾಡಿ "ಎಲ್ಲಿ ಇಳಿಯೋಣ?" ಅಂದರೆ ಒಂದು ಗಳಿಗೆ ಎಲ್ಲರೂ ಗಪ್‌ಚುಪ್. ಹೈಸ್ಕೂಲ್ ಹುಡುಗರು "ಲೋ, ಆಂಟಿ ಕಣೋ" ಅಂತ ಕಿಸಕ್ ಅಂತಾರೆ. ಎರಡು ನಿಮಿಷಕ್ಕೆ ಅದನ್ನು ಮರೆತು "ಆಂಟಿ, ನಿಮ್ಮತ್ರ 5.56 ಗುಂಡು ಜಾಸ್ತಿ ಇದ್ಯಾ?" ಅಂತ ಕೇಳುತ್ತಾರೆ. ಕಾಲೇಜು ಹುಡುಗರಲ್ಲಿ ಕೆಲವರು ಸ್ಕೋಪ್ ಸಮೇತ ಎಂ416 ಗನ್ ತಂದು ನನ್ನ ಮುಂದೆ ಹಾಕಿ ದೊಡ್ಡತನ ತೋರಿಸುತ್ತಾರೆ. ನಾನು ತಗೊಂಡುಬಿಡುತ್ತೇನೆ, ಸುಮ್ನೆ ಯಾಕೆ ಬೇಡ ಅನ್ನಲಿ. ಮೂವತ್ತು ದಾಟಿದ ಕೆಲವರು ಮ್ಯಾಚ್ ಮುಗಿದ ಮೇಲೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿ, ಆಮೇಲೆ ಇನ್‌ಸ್ಟಾ ಐಡಿ, ಆಮೇಲೆ ಯಾವ ಏರಿಯಾ ಅಂತ ಶುರು ಮಾಡುತ್ತಾರೆ. ಮಕ್ಕಳಿಂದ ನನಗೆ ತೊಂದರೆ ಆಗಿದ್ದರೆ ಅದು ಕಿವಿಗೆ ಮಾತ್ರ.

ಜಾನ್ ಸೂಲರ್ ಅನ್ನುವ ಮನಶ್ಶಾಸ್ತ್ರಜ್ಞರು 2004ರಲ್ಲೇ ಇದರ ಬಗ್ಗೆ ಬರೆದಿದ್ದರು. ಹೆಸರು ಗೊತ್ತಿಲ್ಲ, ಮುಖ ಕಾಣಲ್ಲ ಅಂದಾಗ ಜನ ಎದುರಿಗಿದ್ದರೆ ಆಡದ ಮಾತು ಆಡುತ್ತಾರೆ ಅಂತ. ಅದರಲ್ಲಿ ನನಗೆ ಇಷ್ಟವಾದ ಭಾಗ, ಈ ಸಡಿಲ ಬರೀ ಕೆಟ್ಟದ್ದಕ್ಕೇ ಆಗಬೇಕಿಲ್ಲ ಅನ್ನುವುದು. ನಮ್ಮ ಕಾಯಂ ಸ್ಕ್ವಾಡ್‌ನಲ್ಲಿ ಜಾಲಹಳ್ಳಿಯ ಒಬ್ಬ ನಿವೃತ್ತರಿದ್ದಾರೆ. ಗುರಿ ಅಷ್ಟಕ್ಕಷ್ಟೆ, ಜೀಪ್ ಓಡಿಸುವುದು ಮಾತ್ರ ಅದ್ಭುತ. ಝೋನ್‌ಗೆ ಹೋಗುವ ದಾರಿಯಲ್ಲಿ ಮಂಡಿ ನೋವಿನಿಂದ ಹಿಡಿದು ತೀರಿಕೊಂಡ ಹೆಂಡತಿವರೆಗೆ ಎಲ್ಲ ಮಾತಾಡುತ್ತಾರೆ. ಹುಡುಗರು "ಅಂಕಲ್, ಎಡಕ್ಕೆ ಎಡಕ್ಕೆ" ಅನ್ನುತ್ತಲೇ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಆ ಕಾಮಾಕ್ಷಿಪಾಳ್ಯದ ಹುಡುಗನೂ ಈಗ ನಮ್ಮ ಸ್ಕ್ವಾಡೇ. ಪರೀಕ್ಷೆ ಇದ್ದಾಗ ಬರಲ್ಲ.

ಇನ್ನು ವಯಸ್ಸಿನ ರೂಲ್ಸ್. 2021ರಲ್ಲಿ ಕ್ರಾಫ್ಟನ್ ಕಂಪನಿ ಇದನ್ನು ತಂದಾಗ 18 ತುಂಬದವರಿಗೆ ತಂದೆ ತಾಯಿಯ ಫೋನ್ ನಂಬರ್ ಬೇಕು, ದಿನಕ್ಕೆ ಮೂರು ಗಂಟೆ ಮಾತ್ರ ಆಟ ಅಂತ ಹೇಳಿತ್ತು. 2023ರಲ್ಲಿ ವಾಪಸ್ ಬಂದಾಗ ಮಕ್ಕಳಿಗೆ ಮೂರು, ದೊಡ್ಡವರಿಗೂ ಆರು ಗಂಟೆಯ ಮಿತಿ ಇತ್ತು. ರಕ್ತಕ್ಕೆ ಹಸಿರು ಬಣ್ಣ ಬಳಿದರು. ಮೊದಲು ಮಕ್ಕಳ ಖರ್ಚಿಗೆ ಹೇಳಿದ್ದ ಮಿತಿ ದಿನಕ್ಕೆ 7,000 ರೂಪಾಯಿ. ದಿನಕ್ಕೆ! ನಮ್ಮ ಮನೆಯ ತಿಂಗಳ ಹಾಲಿನ ಬಿಲ್ ಅದಕ್ಕಿಂತ ಎಷ್ಟೋ ಕಮ್ಮಿ. ಇಂಥ ಮಿತಿಗಳು ಬೇಕು ಅನ್ನುವವಳೇ ನಾನು. ಮಗುವಿನ ನಿದ್ದೆ, ಅಪ್ಪನ ದುಡ್ಡು ಎರಡಕ್ಕೂ ಕಾವಲು ಬೇಕು. ಆದರೆ ಅದು ಮನೆಯಲ್ಲೂ ನಡೆಯಬೇಕಲ್ವಾ? ನಮ್ಮ ಬಿಲ್ಡಿಂಗ್‌ನ ಎರಡನೇ ಮಹಡಿ ಹುಡುಗ ಆಡುವುದು ಅಪ್ಪನ ಫೋನಿನಲ್ಲಿ, ಅಪ್ಪನ ಲಾಗಿನ್‌ನಲ್ಲಿ, ಅಪ್ಪನೇ ಕೊಟ್ಟು. ಆಟದ ಲೆಕ್ಕದಲ್ಲಿ ಅವನು ಎರಡು ಮಕ್ಕಳ ತಂದೆ. ಯಾವ ಒಟಿಪಿ ತಾನೆ ಏನು ಮಾಡೀತು?

ವಯಸ್ಸಿನ ಬೇಲಿ ಹಾಕಿದರೆ ಒಳ್ಳೆ ಜೊತೆಗಾರರು ಸಿಗುತ್ತಾರೆ ಅಂತ ವಾದಿಸುವವರನ್ನು ನಾನು ಒಪ್ಪಲ್ಲ. "18 ಪ್ಲಸ್ ಸರ್ವರ್ ಬೇಕು, ಚಿಳ್ಳೆಪಿಳ್ಳೆಗಳ ಕಾಟ ತಪ್ಪುತ್ತೆ" ಅನ್ನುವುದನ್ನು ಎಷ್ಟು ಸಲ ಕೇಳಿದ್ದೇನೋ. ಹಾಗೆ ಮಾಡಿದರೆ ಮಕ್ಕಳಿಗೆ ಒಳ್ಳೆಯದಾಗಬಹುದು, ಬಾಯಿಹರುಕ ದೊಡ್ಡವರಿಂದ ಅವರು ಬಚಾವ್. ನನಗೆ ಉಳಿಯುವವರು ಮಾತ್ರ ವೈಟ್‌ಫೀಲ್ಡ್‌ನವರು. ನನ್ನನ್ನು ಕೇಳಿದರೆ ಎಷ್ಟು ಜನರನ್ನು ಹೊಡೆದ ಅನ್ನುವುದರ ಜೊತೆಗೆ ಎಷ್ಟು ಸಲ ಯಾರನ್ನು ಎಬ್ಬಿಸಿದ, ಎಷ್ಟು ಮ್ಯಾಚ್ ಕೊನೆವರೆಗೂ ಕೂತ ಅನ್ನುವುದನ್ನು ನೋಡಿ ತಂಡ ಸೇರಿಸಲಿ. ತಂಡದವರನ್ನೇ ಕೊಂದರೆ ಕಳೆಯುವ ಮೆರಿಟ್ ಪಾಯಿಂಟ್ ಅಂತೂ ಇದೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿ.

ಮಧ್ಯೆ ಒಂದು ಮಾತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದಾಗ ನಮ್ಮ ಮಾವ "ನಿನ್ನ ಆಟ ನಿಂತೋಯ್ತಂತೆ" ಅಂತ ಬಹಳ ಸಂತೋಷದಿಂದ ಪೇಪರ್ ತಂದು ಕೊಟ್ಟರು. ಅದು ದುಡ್ಡು ಕಟ್ಟಿ ಆಡುವ ಆಟಗಳಿಗೆ ಮಾವ, ಇ-ಸ್ಪೋರ್ಟ್ಸ್ ಬೇರೆ ಅಂತ ಹೇಳಿದೆ. ಸಪ್ಪೆಯಾದರು.

ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ, ಹಾಕಿಕೊಡಬಹುದಾ? ಹೈಸ್ಕೂಲಿಗಿಂತ ಚಿಕ್ಕವರಿಗೆ ಬೇಡವೇ ಬೇಡ. ಅವರಿಗೆ ಕೇಳಿಸುವ ಬೈಗುಳ ಅವರ ವಯಸ್ಸಿನವರದಲ್ಲ. ದೊಡ್ಡ ಮಕ್ಕಳಾದರೆ ಅವರದೇ ವಯಸ್ಸಿನ ಲಾಗಿನ್ ಮಾಡಿಕೊಡಿ. ಕಾರ್ಡ್, ಯುಪಿಐ ಸೇರಿಸಬೇಡಿ. ಮೈಕ್ ತಂಡಕ್ಕೆ ಮಾತ್ರ ಕೇಳುವ ಹಾಗೆ ಇಡಿ, ಗೊತ್ತಿಲ್ಲದವರ ರಿಕ್ವೆಸ್ಟ್ ತಗೊಳ್ಳಬೇಡ ಅನ್ನಿ. ಎಷ್ಟು ಗಂಟೆ ಆಡ್ತಾನೆ ಅನ್ನುವುದೊಂದನ್ನೇ ಎಣಿಸಬೇಡಿ. ನಿಲ್ಲಿಸು ಅಂದಾಗ ನಿಲ್ಲಿಸಲು ಆಗುತ್ತಾ, ಊಟ, ಓದು, ಸ್ನೇಹಿತರು ಎಲ್ಲ ಮೂಲೆಗೆ ಬಿದ್ದಿದೆಯಾ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ಡಿಸಾರ್ಡರ್ ಅನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗ ನೋಡಲು ಹೇಳಿದ್ದೂ ಇದನ್ನೇ, ಅದೂ ವಯಸ್ಸಿನ ಭೇದವಿಲ್ಲದೆ. ಕೈ ಮೀರಿದೆ ಅನಿಸಿದರೆ ನಮ್ಮೂರಲ್ಲೇ ನಿಮ್ಹಾನ್ಸ್‌ನ ಶಟ್ ಕ್ಲಿನಿಕ್ ಇದೆ, 2014ರಿಂದ ಇದಕ್ಕೆಂದೇ ನಡೆಯುತ್ತಿದೆ. ಮತ್ತೆ ವಾರಕ್ಕೊಮ್ಮೆ ಇಯರ್‌ಫೋನ್ ತೆಗೆಸಿ, ಪಕ್ಕ ಕೂತು ಒಂದು ಮ್ಯಾಚ್ ಸ್ಪೀಕರ್‌ನಲ್ಲಿ ಕೇಳಿ.

ನನ್ನ ವಯಸ್ಸಿನವರು ಧಾರಾಳವಾಗಿ ಆಡಬಹುದು. ರ್‍ಯಾಂಡಮ್ ಸ್ಕ್ವಾಡ್‌ನಲ್ಲಿ ಮ್ಯೂಟ್ ಬಟನ್ ಎಲ್ಲಿದೆ ಅಂತ ಮೊದಲು ತಿಳಿದುಕೊಳ್ಳಿ, ಸರಿಯಾದವರು ಸಿಕ್ಕ ತಕ್ಷಣ ಕಾಯಂ ತಂಡ ಕಟ್ಟಿಕೊಳ್ಳಿ. ಕ್ಲಾಸಿಕ್ ಮ್ಯಾಚ್ (ಮೇಲೆ ಹೇಳಿದ ಅರ್ಧ ಗಂಟೆಯದು) ಮೆಟ್ರೋದಲ್ಲಿ ಬೇಡ, ಮಧ್ಯದಲ್ಲಿ ಇಳಿದು ಹೋದರೆ ಉಳಿದ ಮೂವರಿಗೆ ಕೈ ಕೊಟ್ಟ ಹಾಗೆ. ರಾಜಾಜಿನಗರದಿಂದ ಜಯನಗರಕ್ಕೆ ಹೋಗುವಷ್ಟರಲ್ಲಿ ಟಿಡಿಎಂ (ಎರಡೇ ತಂಡಗಳ ಚಿಕ್ಕ ಮ್ಯಾಚ್) ಆರಾಮಾಗಿ ಮುಗಿಯುತ್ತದೆ. ಆಟಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ರ್‍ಯಾಂಡಮ್ ಸ್ಕ್ವಾಡ್‌ಗೆ ಎರಡು. ರಾತ್ರಿ ಹನ್ನೊಂದರ ಮೇಲಾದರೆ ಒಂದೂವರೆ.