ನೀರು 96ಕ್ಕೇ ಕುದಿಯುವ ಊರಿನಲ್ಲಿ ಆನ್‌ಲೈನ್ ವಿಜ್ಞಾನ: ನಾನು ಬಳಸಿ ನೋಡಿದವು

ಜೂನ್ ಬಂತೆಂದರೆ ನಮ್ಮ ಶಾಲೆಯಲ್ಲಿ ಮೊದಲು ಹೋಗುವುದು ಕರೆಂಟು. ಅದರ ಹಿಂದೆಯೇ ನೆಟ್‌ವರ್ಕ್. ಟವರ್‌ನ ಬ್ಯಾಟರಿ ಮುಗಿದ ಮೇಲೆ ಫೋನು ಬರೀ ಟಾರ್ಚು. ಮಳೆ ಇನ್ನೂ ಜೋರಾದರೆ ರಜೆ ಕೊಡುತ್ತಾರೆ, ಅಲ್ಲಿಗೆ ಮಕ್ಕಳೂ ಇಲ್ಲ.

ನಾನು ಮಡಿಕೇರಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ನನ್ನ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವವರಿದ್ದಾರೆ, ಅರೆಭಾಷೆಯವರಿದ್ದಾರೆ, ಮಲಯಾಳದವರಿದ್ದಾರೆ, ತೋಟದ ಲೈನ್ ಮನೆಗಳಿಂದ ಬರುವವರಿದ್ದಾರೆ. ಕನ್ನಡವೇ ಎಷ್ಟೋ ಮಕ್ಕಳಿಗೆ ಎರಡನೇ ಭಾಷೆ. ಹಾಗಾಗಿ 'ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತಲ್ವಾ ಟೀಚರ್, ತೋರಿಸಿಬಿಡಿ' ಎಂದು ಯಾರಾದರೂ ಹೇಳಿದರೆ ಸ್ವಲ್ಪ ನಗು ಬರುತ್ತದೆ. ಸಿಗುತ್ತದೆ, ನಿಜ. ನಮ್ಮ ತರಗತಿಯೊಳಗೆ ಅದರಲ್ಲಿ ಎಷ್ಟು ಬಾಳಿಕೆ ಬರುತ್ತದೆ ಎಂದು ನೋಡಲು ನನಗೆ ಎರಡು ವರ್ಷ ಬೇಕಾಯಿತು.

ನಾನು ಕೇಳಿಕೊಂಡದ್ದು ಎರಡೇ ಮಾತು. ನೆಟ್ ಇಲ್ಲದ ದಿನವೂ ಇದು ನಡೆಯುತ್ತಾ? ಮಕ್ಕಳ ಕೈಗೆ ಇದು ಏನಾದರೂ ಕೆಲಸ ಕೊಡುತ್ತಾ?

ಮೊದಲು ಸೋತದ್ದನ್ನು ಹೇಳಿ ಮುಗಿಸುತ್ತೇನೆ. ಯಾರೋ ಪುಣ್ಯಾತ್ಮರು ಶಾಲೆಗೆ ಒಂದಷ್ಟು ಟ್ಯಾಬ್ ಕೊಟ್ಟರು. ಒಳಗೆ ದುಡ್ಡು ಕೊಟ್ಟು ಬಳಸುವ ಒಂದು ಕಲಿಕೆಯ ಆ್ಯಪ್. ಹೆಸರು ಬೇಡ. ಬಣ್ಣ ಬಣ್ಣದ ಅನಿಮೇಷನ್, ತಿರುಗುವ ಭೂಮಿ, ಓಡಾಡುವ ರಕ್ತಕಣ. ಮೊದಲ ವಾರ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮೂರನೇ ವಾರಕ್ಕೆ ಹಿಂದಿನ ಬೆಂಚಿನವರು ಕಿಟಕಿಯಾಚೆ ಮಳೆ ನೋಡುತ್ತಿದ್ದರು. ವಿವರಣೆ ಇಂಗ್ಲಿಷಿನಲ್ಲಿ, ಅದೂ ರೈಲಿನ ವೇಗದಲ್ಲಿ. ಒಂದು ವರ್ಷ ಆದ ಮೇಲೆ ಚಂದಾ ಮುಗಿಯಿತು. ಈಗ ಆ ಟ್ಯಾಬ್‌ಗಳಲ್ಲಿ ಎರಡನ್ನು ಸ್ಟಾಪ್‌ವಾಚ್ ಆಗಿ ಬಳಸುತ್ತೇನೆ, ಲೋಲಕದ ಪ್ರಯೋಗಕ್ಕೆ. ಅದಕ್ಕೆ ಚೆನ್ನಾಗಿವೆ.

ಇನ್ನು ದೀಕ್ಷಾ. ಪಾಠಗಳ ವಿಡಿಯೋ ಸಿಗುವ ಆ್ಯಪ್, 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಪಠ್ಯಪುಸ್ತಕದಲ್ಲಿ ಪಾಠದ ಹತ್ತಿರ ಕಾಣುವ ಕಪ್ಪು ಬಿಳುಪಿನ ಚೌಕ, ಅಂದರೆ ಕ್ಯೂಆರ್ ಕೋಡ್, ತೆರೆಯುವುದು ಇಲ್ಲಿಗೆ. ಇದರ ದೊಡ್ಡ ಲಾಭ ಅನಿಮೇಷನ್ ಅಲ್ಲ, ಪದಗಳು. ಪುಸ್ತಕದಲ್ಲಿ 'ವಿಭವಾಂತರ' ಎಂದಿದ್ದರೆ ಇಲ್ಲೂ ವಿಭವಾಂತರವೇ. ಪರೀಕ್ಷೆಯಲ್ಲಿ ಬರೆಯಬೇಕಾದದ್ದೂ ಅದೇ. ಹೊರಗಿನ ವಿಡಿಯೋ ತೋರಿಸಿದಾಗ ಅರ್ಧ ಪೀರಿಯಡ್ಡು 'ಅವರು ವೋಲ್ಟೇಜ್ ಅಂದದ್ದೇ ನಮ್ಮ ವಿಭವಾಂತರ' ಎಂದು ಅನುವಾದ ಮಾಡುವುದರಲ್ಲೇ ಹೋಗುತ್ತದೆ. ಆ ತಲೆನೋವು ಇಲ್ಲಿಲ್ಲ. ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನಾನು ಭಾನುವಾರ ಮಡಿಕೇರಿಯ ನನ್ನ ಅಕ್ಕನ ಮನೆಯ ವೈಫೈಯಲ್ಲಿ ವಾರಕ್ಕೆ ಬೇಕಾದ್ದನ್ನು ಇಳಿಸಿಕೊಳ್ಳುತ್ತೇನೆ. ಅಕ್ಕ ಅದಕ್ಕೆ 'ರೇಷನ್ ತಗೊಳ್ಳೋಕೆ ಬಂದಳು' ಅನ್ನುತ್ತಾಳೆ.

ಆದರೆ ವಿಡಿಯೋ ವಿಡಿಯೋನೇ. ಮಕ್ಕಳು ಕೈಕಟ್ಟಿ ಕೂರುತ್ತಾರೆ. ಮರುದಿನ ಕೇಳಿದರೆ ವ್ಯಾಖ್ಯೆ ಒಪ್ಪಿಸುತ್ತಾರೆ. 'ಹಾಗಾದರೆ ಎರಡು ಬಲ್ಬ್ ಇದ್ದಲ್ಲಿ ಒಂದನ್ನು ಕಿತ್ತರೆ ಏನಾಗುತ್ತೆ?' ಎಂದರೆ ಮೌನ. ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೆ ನಾನು ಇದನ್ನೇ ಹಿಡಿಯುತ್ತೇನೆ. ಪಾಠ ಶುರು ಮಾಡಲು ಹಿಡಿಯುವುದಿಲ್ಲ.

ಶುರು ಮಾಡಲು ನನ್ನ ಆಯ್ಕೆ ಫೆಟ್ (PhET), ಅಂದರೆ ತೆರೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್‌ಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಇದರಲ್ಲಿ ವಿಡಿಯೋ ಇಲ್ಲ, ಯಾರೂ ಭಾಷಣ ಮಾಡುವುದಿಲ್ಲ. ತೆರೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು ಇರುತ್ತವೆ. ಎಳೆದು ತಂದು ಜೋಡಿಸಬೇಕು. ಜೋಡಿಸಿದರೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮಂಥವರಿಗೆ ಇದರ ಇನ್ನೊಂದು ಅನುಕೂಲ, ಒಂದೊಂದೂ ಒಂದೇ ಫೈಲು, ಕೆಲವೇ ಎಂಬಿ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದರೆ ಹಳೇ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲೂ ನೆಟ್ ಇಲ್ಲದೆ ತೆರೆಯುತ್ತದೆ.

ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಅದನ್ನು ಮೊದಲ ಸಲ ಕೊಟ್ಟಾಗ ನಾನು ಏನೂ ಹೇಳಲಿಲ್ಲ, ಸುಮ್ನೆ ಪಕ್ಕದಲ್ಲಿ ನಿಂತೆ. ಒಬ್ಬ ಹುಡುಗ ಬಲ್ಬನ್ನು ಬಿಟ್ಟು ಬ್ಯಾಟರಿಯ ಎರಡು ತುದಿಯನ್ನೂ ಬರೀ ತಂತಿಯಿಂದ ಸೇರಿಸಿದ. ತೆರೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿತು. ಇಡೀ ತರಗತಿ ಹೋ ಎಂದಿತು. ಆಮೇಲೆ ಪ್ರತಿಯೊಬ್ಬರೂ ಬಂದು ಬೆಂಕಿ ಹಚ್ಚಿಯೇ ಹೋದರು. ಶಾರ್ಟ್ ಸರ್ಕ್ಯೂಟ್ ಅಂದರೇನು ಎಂದು ಆ ಬ್ಯಾಚಿಗೆ ನಾನು ಹೇಳಿಕೊಡಲೇ ಇಲ್ಲ. ಅದೇ ಪೆಟ್ಟಿಗೆಯಲ್ಲಿ ನಾಣ್ಯ, ಪೆನ್ಸಿಲ್, ರಬ್ಬರು, ಒಂದು ಕೈ, ಒಂದು ನಾಯಿ ಕೂಡ ಇವೆ. ಸರ್ಕ್ಯೂಟಿನ ಮಧ್ಯೆ ಇಟ್ಟು ಕರೆಂಟ್ ಹರಿಯುತ್ತಾ ನೋಡಬಹುದು. ನಾಯಿಯನ್ನು ಇಡಲು ನಮ್ಮ ಹುಡುಗಿಯರು ಒಪ್ಪಲಿಲ್ಲ. ಡಾಲರ್ ನೋಟೂ ಇತ್ತು. 'ಇದು ಯಾವ ಊರಿನ ದುಡ್ಡು ಟೀಚರ್?' ಎಂಬ ಪ್ರಶ್ನೆಯಿಂದ ಐದು ನಿಮಿಷ ಸಮಾಜ ವಿಜ್ಞಾನಕ್ಕೆ ಹೋಯಿತು.

ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಬೇಕು. ತೆರೆಯ ಮೇಲಿನ ಲೋಕ ತುಂಬಾ ಅಚ್ಚುಕಟ್ಟು. ಅಲ್ಲಿ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ, ಜೋಡಿಸಿದ ಎರಡು ಬಲ್ಬ್ ಒಂದೇ ಥರ ಉರಿಯುತ್ತವೆ. ಮುಂದಿನ ವರ್ಷದ ಬ್ಯಾಚಿಗೆ ಫೆಟ್ ಆದ ಮರುದಿನ ನಾನು ನಿಜವಾದ ಶೆಲ್ಲು, ಟಾರ್ಚಿನ ಬಲ್ಬು ತಂದುಕೊಟ್ಟೆ. ಒಂದು ಬಲ್ಬು ಸರಿಯಾಗಿ ಉರಿಯಿತು, ಇನ್ನೊಂದು ಮಂಕು. ಇನ್ನೊಂದು ಗುಂಪಿನದು ಉರಿಯಲೇ ಇಲ್ಲ, ಹೋಲ್ಡರ್‌ನ ಒಳಗೆಲ್ಲ ತುಕ್ಕು. ನಮ್ಮ ಮಳೆಗಾಲದಲ್ಲಿ ಲೆನ್ಸಿಗೇ ಬೂಷ್ಟು ಬರುತ್ತದೆ, ತಗಡಿನ ಹೋಲ್ಡರ್ ಯಾವ ಲೆಕ್ಕ. 'ಕಂಪ್ಯೂಟರ್‌ನಲ್ಲಿ ಎರಡೂ ಒಂದೇ ಥರ ಇತ್ತಲ್ಲ ಟೀಚರ್, ಇದ್ಯಾಕೆ ಹೀಗೆ?' ಎಂದು ಒಬ್ಬಳು ಕೇಳಿದಳು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಎರಡು ಬಲ್ಬಿನ ಜಾಗ ಅದಲು ಬದಲು ಮಾಡಲು ಹೇಳಿದೆ. ಮಂಕು ಬಲ್ಬು ಎಲ್ಲಿಟ್ಟರೂ ಮಂಕೇ. ಅಂದರೆ ಜಾಗದ ತಪ್ಪಲ್ಲ, ಬಲ್ಬಿನದೇ ಗುಣ, ಎರಡರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಬೇರೆ ಬೇರೆ. ಆಮೇಲೆ ಲ್ಯಾಪ್‌ಟಾಪ್‌ಗೆ ವಾಪಸ್ ಹೋಗಿ ಒಂದು ಬಲ್ಬಿನ ರೋಧ ಬದಲಿಸಿ ನೋಡಿದರು. ಅಲ್ಲೂ ಹಾಗೇ ಆಯಿತು. ಬ್ಯಾಟರಿಯ ಒಳಗಿನ ರೋಧವನ್ನು, ತಂತಿಯ ರೋಧವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಅದರಲ್ಲಿದೆ. ಅದನ್ನು ಏರಿಸಿದರೆ ತೆರೆಯೂ ನಮ್ಮ ಲ್ಯಾಬಿನಷ್ಟೇ ಹದಗೆಡುತ್ತದೆ.

ತೆರೆಯದ್ದನ್ನು ಮಾತ್ರ ಮಾಡಿಸಿದ್ದ ಹಿಂದಿನ ವರ್ಷದ ಬ್ಯಾಚಿನಲ್ಲಿ ಈ ಪ್ರಶ್ನೆ ಬಂದೇ ಇರಲಿಲ್ಲ. ಲ್ಯಾಬ್ ಮಾತ್ರ ಮಾಡಿಸಿದ್ದ ಅದಕ್ಕೂ ಹಿಂದಿನವರು 'ಬಲ್ಬು ಹಾಳು' ಎಂದು ಎತ್ತಿಟ್ಟಿದ್ದರು.

ಓಲ್ಯಾಬ್ಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ್ದು, 9ರಿಂದ 12ನೇ ತರಗತಿಯ ಲ್ಯಾಬ್ ಪ್ರಯೋಗಗಳಿಗೆ. ಸಿದ್ಧಾಂತ, ವಿಧಾನ, ಸಿಮ್ಯುಲೇಷನ್, ಮೌಖಿಕ ಪ್ರಶ್ನೆ, ಎಲ್ಲಾ ಕ್ರಮವಾಗಿ ಇದೆ. ಫೆಟ್ ಆಟದ ಮೈದಾನವಾದರೆ ಇದು ಲ್ಯಾಬ್ ರೆಕಾರ್ಡ್ ಬುಕ್ಕು. ನಾನು ಇಂಗ್ಲಿಷಿನಲ್ಲೇ ಬಳಸಿದೆ, ಆದ್ದರಿಂದ ಮಕ್ಕಳಿಗಿಂತ ನನಗೇ ಹೆಚ್ಚು ಉಪಯೋಗವಾಯಿತು. ರಾತ್ರಿ ಕೂತು ನಾಳೆಯ ಪ್ರಯೋಗಕ್ಕೆ ತಯಾರಾಗಲು ಒಳ್ಳೆಯದು. ಪಿಯುಸಿ ವಿಜ್ಞಾನಕ್ಕೆ ಹೋದ ನನ್ನ ಹಳೇ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ, ಅವನಿಗೆ ಇಷ್ಟವಾಯಿತು.

ಮನಸ್ಸಿಗೆ ಹತ್ತಿರವಾದದ್ದು ಅರವಿಂದ ಗುಪ್ತರ ಕಸದಿಂದ ಆಟಿಕೆ ವಿಡಿಯೋಗಳು. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್. ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ವಿಜ್ಞಾನ ಕಾರ್ಯಕ್ರಮ ನೋಡಿ ಈ ದಾರಿ ಹಿಡಿದವರು. 2018ರಲ್ಲಿ ಪದ್ಮಶ್ರೀ ಬಂತು. ವಿಡಿಯೋಗಳು ಚಿಕ್ಕವು, ಎಷ್ಟೋ ಎರಡು ನಿಮಿಷದೊಳಗೇ ಮುಗಿಯುತ್ತವೆ. 'ನಮಸ್ಕಾರ ಮಕ್ಕಳೇ, ಬೆಲ್ ಐಕಾನ್ ಒತ್ತಿ' ಇಲ್ಲ. ಎರಡು ಕೈ ಕಾಣುತ್ತವೆ, ಏನೋ ಮಾಡುತ್ತವೆ, ಅಷ್ಟೇ. ಡಾಟಾ ಕೂಡ ಕಡಿಮೆ ತಿನ್ನುತ್ತದೆ.

ಅದರಲ್ಲಿ ಒಂದು ಪುಟ್ಟ ಮೋಟಾರ್ ಇದೆ. ಒಂದು ಶೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ರಬ್ಬರ್ ಬ್ಯಾಂಡು, ಒಂದು ಅಯಸ್ಕಾಂತ, ಸ್ವಲ್ಪ ತಾಮ್ರದ ತಂತಿ. ತಂತಿಗೆ ನಮ್ಮೂರಿನಲ್ಲಿ ಬರವಿಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಪಂಪ್‌ಸೆಟ್ ಮೋಟಾರು ಸುಡುವುದು ಇದ್ದದ್ದೇ, ರಿವೈಂಡಿಂಗ್ ಅಂಗಡಿಯಲ್ಲಿ ಉಳಿದ ತುಂಡು ತಂತಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಎಂಟು ಗುಂಪು ಮಾಡಿದೆ. ಮೂರು ಗುಂಪಿನ ಮೋಟಾರ್ ಗಿರ್ರನೆ ತಿರುಗಿತು. ಉಳಿದ ಐದು ಒಂದು ಸಲ ನಡುಗಿ ನಿಂತವು. ಗುಟ್ಟು ಇರುವುದು ತಂತಿಯ ತುದಿಯಲ್ಲಿ. ಅದರ ಮೇಲಿನ ವಾರ್ನಿಷನ್ನು ಪೂರ್ತಿ ಕೆರೆಯಬಾರದು, ಒಂದು ಬದಿಯಲ್ಲಿ ಬಿಡಬೇಕು. ಆಗ ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಕರೆಂಟು ತಪ್ಪುತ್ತದೆ, ಸುರುಳಿ ತನ್ನ ವೇಗದಲ್ಲೇ ಮುಂದೆ ಹೋಗುತ್ತದೆ. ಪೂರ್ತಿ ಕೆರೆದರೆ ಮುಂದೆ ತಳ್ಳಿದ ಅಯಸ್ಕಾಂತವೇ ಹಿಂದೆ ಎಳೆಯುತ್ತದೆ. ಐದೂ ಗುಂಪಿನವರು ಅಚ್ಚುಕಟ್ಟಾಗಿ, ಬ್ಲೇಡಿನಲ್ಲಿ, ಸುತ್ತಲೂ ಕೆರೆದಿದ್ದರು! ಸೋಮಾರಿತನ ಮಾಡಿದವರದ್ದೇ ತಿರುಗಿತ್ತು. ವಿಡಿಯೋವನ್ನು ಮತ್ತೆ ಹಾಕಿ ಆ ಹತ್ತು ಸೆಕೆಂಡು ಮಾತ್ರ ನಾಲ್ಕು ಸಲ ನೋಡಿದೆವು. ನಾಲ್ಕನೇ ಸಲ ತರಗತಿಯಲ್ಲಿ ಸದ್ದೇ ಇರಲಿಲ್ಲ. ಅರ್ಧ ಗಂಟೆಯ ಯಾವ ಅನಿಮೇಷನ್‌ಗೂ ಮಕ್ಕಳು ಅಷ್ಟು ಗಮನ ಕೊಟ್ಟದ್ದು ನಾನು ಕಂಡಿಲ್ಲ.

ಇದರ ಕಷ್ಟ ಅಂದರೆ ಸಮಯ. ನಲವತ್ತು ನಿಮಿಷದ ಪೀರಿಯಡ್ಡು ಸಾಲದು, ಪಿಟಿ ಪೀರಿಯಡ್ಡು ಕೇಳಿ ತೆಗೆದುಕೊಳ್ಳಬೇಕು. ಮಳೆಗಾಲದಲ್ಲಿ ಪಿಟಿ ಮೇಷ್ಟ್ರು ಖುಷಿಯಿಂದ ಕೊಡುತ್ತಾರೆ. ಮತ್ತೆ, ಅಣುವಿನಂಥ ಕಣ್ಣಿಗೆ ಕಾಣದ ವಿಷಯಕ್ಕೆ ಆಟಿಕೆ ಅಷ್ಟಾಗಿ ನೆರವಾಗುವುದಿಲ್ಲ. ಅಲ್ಲಿ ಫೆಟ್‌ಗೇ ಹೋಗಬೇಕು.

ಕಾಸು ಕೊಡದೆ, ಆ್ಯಪ್ ಹಾಕಿಸದೆ ನಡೆದ ಇನ್ನೊಂದು ಆನ್‌ಲೈನ್ ಪಾಠವನ್ನು ಈ ಹೋಲಿಕೆಗೆ ಸೇರಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ.

ಒಂಬತ್ತನೇ ತರಗತಿಯ ದ್ರವ್ಯದ ಪಾಠ. ಮಂಜುಗಡ್ಡೆಯನ್ನು ಬೀಕರಿನಲ್ಲಿಟ್ಟು ಕಾಯಿಸುತ್ತಾ ಉಷ್ಣತೆ ಬರೆದುಕೊಳ್ಳುವ ಚಟುವಟಿಕೆ. ಹಿಂದಿನ ದಿನ ತೋರಿಸಿದ್ದ ಒಂದು ವಿಡಿಯೋದಲ್ಲಿ ನೀರು ಸರಿಯಾಗಿ 100ಕ್ಕೆ ಕುದಿದಿತ್ತು. ನಮ್ಮ ಬೀಕರಿನಲ್ಲಿ ನೀರು ಕೊತಕೊತ ಅನ್ನುತ್ತಿದೆ, ಥರ್ಮಾಮೀಟರ್ ಮಾತ್ರ 96ರ ಹತ್ತಿರ ನಿಂತುಬಿಟ್ಟಿದೆ. 'ಥರ್ಮಾಮೀಟರ್ ಹಾಳಾಗಿದೆ' ಅಂದರು. ಬೇರೆಯದು ಹಾಕಿದೆವು, ಅದೂ ಅಷ್ಟೇ. 'ಉರಿ ಸಾಲದು' ಅಂದರು. ಉರಿ ಜಾಸ್ತಿ ಮಾಡಿದೆವು. ನೀರು ಬೇಗ ಬತ್ತಿತು, ಅಂಕಿ ಮೇಲೇರಲಿಲ್ಲ. ಒಬ್ಬ ಆಗಲೇ ಪುಸ್ತಕದಲ್ಲಿ 100 ಎಂದು ಬರೆದುಕೊಂಡು ಕೂತಿದ್ದ. ಪರೀಕ್ಷೆಯಲ್ಲಿ ಪೂರ್ತಿ ಅಂಕ ತೆಗೆಯುವವನು ಅವನೇ.

ನಾನು ಮಂಗಳೂರಿನ ಶಾಲೆಯೊಂದರಲ್ಲಿ ಪಾಠ ಮಾಡುವ ಗೆಳತಿಗೆ ವಾಟ್ಸಾಪ್ ಮಾಡಿದೆ. ಅವಳ ಮಕ್ಕಳೂ ನೀರು ಕಾಯಿಸಿದರು. ಟವರ್ ಬಂದ ಮೇಲೆ, ಮಧ್ಯಾಹ್ನ ಊಟದ ಹೊತ್ತಿಗೆ, ಫೋಟೋ ಇಳಿಯಿತು. 99 ದಾಟಿ, 100ಕ್ಕೆ ಕೂದಲೆಳೆ ಕಡಿಮೆ. ನಮ್ಮವರು ಕೈ ತೊಳೆಯದೆಯೇ ಫೋನಿನ ಸುತ್ತ ಸೇರಿದರು. ಅವರದ್ದು ಕಡಲ ದಂಡೆ. ನಾವಿರುವುದು ಸುಮಾರು 1,150 ಮೀಟರ್ ಮೇಲೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರಿಗೆ ಹಾರಿಹೋಗಲು ಅಷ್ಟು ಕಾವು ಬೇಡ. 'ಅದಕ್ಕೇ ಅಮ್ಮ ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ ಅನ್ನೋದು' ಎಂದಳು ಒಬ್ಬಳು. ಫೆಟ್‌ನ ಅಣುಗಳ ಡಬ್ಬಿಯನ್ನು ಆಮೇಲೆ ತೆರೆದೆವು. ಕಾಯಿಸಿದಂತೆ ಅಣುಗಳು ಒಂದನ್ನೊಂದು ಬಿಟ್ಟು ಹಾರುವುದನ್ನು ಈ ಸಲ ಬೇರೆಯೇ ಕಣ್ಣಿನಲ್ಲಿ ನೋಡಿದರು.

ಸುಮಾರು ಮುನ್ನೂರು ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ ಎಂದು ಲೆಕ್ಕ ಕೊಟ್ಟೆ. ಸುಮ್ಮನಿರಬೇಕಿತ್ತು. ನಮ್ಮ ತಡಿಯಂಡಮೋಳ್ ಬೆಟ್ಟ 1,748 ಮೀಟರ್, ಹಾಗಾದರೆ ಅಲ್ಲಿ 94 ಎಂದು ಕೂಡಲೇ ಲೆಕ್ಕ ಹಾಕಿದರು. ಈಗ ಅದನ್ನು ಅಲ್ಲೇ ಹೋಗಿ ಅಳೆಯಬೇಕಂತೆ. ಕಾಡಿನಲ್ಲಿ ಒಲೆ ಹಚ್ಚುವಂತಿಲ್ಲ ಎಂದೆ. ಪುಸ್ತಕದಲ್ಲಿ 100 ಎಂದು ಬರೆದುಕೊಂಡಿದ್ದವನು ಎದ್ದು ನಿಂತ. 'ಫ್ಲಾಸ್ಕಿನಲ್ಲಿ ಇಲ್ಲಿಂದಲೇ ಬಿಸಿ ನೀರು ತಗೊಂಡು ಹೋದರೆ, ಅಲ್ಲಿ ಮುಚ್ಚಳ ತೆಗೆದ ತಕ್ಷಣ ತಾನಾಗೇ ಕುದಿಯುತ್ತಾ ಟೀಚರ್?'