ಗಂಟೆ ಲೆಕ್ಕದ ಕೌನ್ಸೆಲಿಂಗ್ ರೂಮು: ಏಪ್ರಿಲ್, ಮೇ ದಾಟಿಸಿದ ಜಾಗ

ನಾನು ಮೈಸೂರಿನಲ್ಲಿ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವವರಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳೇ ಜಾಸ್ತಿ. ಫೆಬ್ರವರಿಯಲ್ಲಿ ಪರೀಕ್ಷೆ ಭಯ, ಡೈರಿ ತುಂಬಿರುತ್ತದೆ. ಏಪ್ರಿಲ್ ಬಂತೆಂದರೆ ಎಲ್ಲರೂ ಅಜ್ಜಿ ಮನೆಗೆ. ದಸರಾ ರಜೆಯಲ್ಲೂ ಹೀಗೇ. ಬಾಡಿಗೆ ಮಾತ್ರ ತಿಂಗಳು ತಿಂಗಳು ಕಟ್ಟಲೇಬೇಕು.

ಹೋದ ವರ್ಷ ತಿಂಗಳ ಬಾಡಿಗೆಯ ರೂಮು ಬಿಟ್ಟು ಕುವೆಂಪುನಗರದ ಈ ಜಾಗಕ್ಕೆ ಬಂದೆ. ಗಂಟೆಗೆ 200 ರೂಪಾಯಿ, ಕೂತಷ್ಟು ಹೊತ್ತಿಗೆ ಮಾತ್ರ. ಮೇ ತಿಂಗಳಲ್ಲಿ 14 ಸೆಷನ್ ಆಯಿತು, 2,800 ಕೊಟ್ಟೆ. ಹಳೇ ರೂಮಿಗೆ 9,000 ಹೋಗುತ್ತಿತ್ತು!

ಒಳಗೆ ಎರಡು ಬೆತ್ತದ ಕುರ್ಚಿ. ಎದುರುಬದುರಾಗಿ ಅಲ್ಲ, ಸ್ವಲ್ಪ ಓರೆಯಾಗಿ ಹಾಕಿದ್ದಾರೆ. ಮಾತು ಕಷ್ಟವಾದಾಗ ಮಕ್ಕಳು ಕಿಟಕಿ ಆಚೆಯ ಹೊಂಗೆ ಮರ ನೋಡುತ್ತಾರೆ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆದಿದ್ದಾರೆ. ಮೊದಲ ದಿನ ಒಳಗೆ ಮೊಬೈಲಿನಲ್ಲಿ ಹಾಡು ಹಾಕಿ, ನಾನೇ ಹೊರಗೆ ನಿಂತು ಕೇಳಿದೆ. ಏನೂ ಕೇಳಿಸಲಿಲ್ಲ. ಮಕ್ಕಳ ಮಾತು ಹೊರಗೆ ಹೋಗಬಾರದು, ಅಲ್ವಾ?

ಕರೆಂಟ್ ಹೋದರೆ ಯುಪಿಎಸ್ ಲೈಟಿಗೆ ಮಾತ್ರ, ಫ್ಯಾನಿಗಿಲ್ಲ. ಮೇ ಮಧ್ಯಾಹ್ನ ಬೆವರಿ ಹೋಗುತ್ತೇವೆ. ಇದನ್ನು ಸರಿ ಮಾಡಲೇಬೇಕು. ಜೂನ್ ಬಂದರೆ ಸಂಜೆ 5ರಿಂದ 7ರ ಹೊತ್ತು ಸಿಗುವುದೂ ಕಷ್ಟ, ಮೇ ಕೊನೆಯಲ್ಲೇ ಹೇಳಿಡಿ.

ಬಾಡಿಗೆ ಚಿಂತೆ ತಗ್ಗಿದ್ದರಿಂದ, ಡೈರಿ ಖಾಲಿ ಇದೆ ಅಂತ ಯಾರಿಗೂ ಸುಮ್ನೆ ಇನ್ನೊಂದು ಸೆಷನ್ ಹೇಳುವ ಪ್ರಮೇಯ ಬರಲಿಲ್ಲ. ನನಗೆ ಇದೇ ದೊಡ್ಡದು. ಊರಿಗೆ ಹೊರಟ ಮಕ್ಕಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಡುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.