ಎಂಟು ಕೋಶಗಳ ಅಂಟು ಬಿಡಿಸಲು ಯಾವುದು ವಾಸಿ: ಕ್ಯಾಲ್ಸಿಯಂ ತೆಗೆಯೋದಾ, ಆಂಟಿಬಾಡಿ ಹಾಕೋದಾ?

ಲ್ಯಾಬ್ ಇಲಿಯ ಭ್ರೂಣಕ್ಕೆ ಎರಡೂವರೆ ದಿನವಾದಾಗ ಅದರಲ್ಲಿ ಎಂಟೇ ಕೋಶ. ಬಿಡಿ ಗೋಲಿಗಳಂತಿದ್ದ ಅವು ಆಗ ಒಂದನ್ನೊಂದು ಒತ್ತಿ ಅಪ್ಪಿಕೊಳ್ಳುತ್ತವೆ. ನಡುವಿನ ಗೆರೆಗಳೇ ಮಾಯ. ಇದೇ ಕಂಪ್ಯಾಕ್ಷನ್. ಅಂಟಿಸುವ ಪ್ರೋಟೀನಿನ ಹೆಸರು ಇ-ಕ್ಯಾಡ್ಹೆರಿನ್. ಪಿಎಚ್‌ಡಿ ದಿನಗಳಲ್ಲಿ ಈ ಅಂಟನ್ನು ಎರಡು ರೀತಿ ಬಿಡಿಸಿ ನೋಡಿದ್ದೇನೆ.

ಮೊದಲನೆಯದು ಕ್ಯಾಲ್ಸಿಯಂ ಇಲ್ಲದ ಮೀಡಿಯಂ, ಅಂದರೆ ಭ್ರೂಣಗಳನ್ನು ಇಡುವ ಪೋಷಕ ದ್ರವ. ಅಗ್ಗ, ಬೇಗ. ಕ್ಯಾಲ್ಸಿಯಂ ಇಲ್ಲದೆ ಕ್ಯಾಡ್ಹೆರಿನ್ ನೆಟ್ಟಗೆ ನಿಲ್ಲುವುದಿಲ್ಲ. ಹೆಸರಿನ ಮೊದಲ ಅರ್ಧ ಬಂದಿದ್ದೇ ಅಲ್ಲಿಂದ. ನಿಮಿಷಗಳಲ್ಲಿ ಕೋಶಗಳು ಮತ್ತೆ ಗುಂಡಗಾಗುತ್ತವೆ. ಮಾಮೂಲಿ ಮೀಡಿಯಂಗೆ ಹಾಕಿದರೆ ಮತ್ತೆ ಅಪ್ಪುಗೆ. ನೋಡೋಕೆ ಮಜಾ. ಆದರೆ ನನ್ನ ಮೊದಲ ಪ್ರಯತ್ನದಲ್ಲಿ ಏನೂ ಆಗಲಿಲ್ಲ. ಪಿಪೆಟ್ಟಿನಲ್ಲಿ ಹಳೇ ಮೀಡಿಯಂ ಕೂಡ ಬಂದುಬಿಟ್ಟಿತ್ತು! ಆಮೇಲಿಂದ ನಾಲ್ಕೈದು ಹನಿಗಳಲ್ಲಿ ತೊಳೆದೇ ಹಾಕುತ್ತಿದ್ದೆ.

ನನ್ನ ತಕರಾರು ಬೇರೆ. ಕ್ಯಾಲ್ಸಿಯಂ ನಂಬಿಕೊಂಡ ಕೆಲಸಗಳು ಕೋಶದಲ್ಲಿ ಎಷ್ಟೋ ಇವೆ. ಒಂದು ಬಲ್ಬು ಆರಿಸಲು ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿದ ಹಾಗಾಯಿತು, ಅಲ್ವಾ?

ಹಾಗಾಗಿ ಆಂಟಿಬಾಡಿ, ಅಂದರೆ ಒಂದು ಗುರಿಯನ್ನಷ್ಟೇ ಹಿಡಿಯುವ ಪ್ರೋಟೀನು. ನಾನು ಬಳಸಿದ್ದು ಡೆಕ್ಮಾ-1. ಅದು ಇ-ಕ್ಯಾಡ್ಹೆರಿನ್‌ನ್ನೇ ಹುಡುಕಿ ಹಿಡಿದು ಅಂಟದಂತೆ ತಡೆಯುತ್ತದೆ. ಬೆಲೆ ಜಾಸ್ತಿ, ಗಂಟೆಗಟ್ಟಲೆ ಕಾಯಬೇಕು, ತೊಳೆದ ಮೇಲೂ ಬೇಗ ಬಿಡುವುದಿಲ್ಲ. ಮೊದಲ ಬ್ಯಾಚಿನಲ್ಲಿ ಭ್ರೂಣಗಳು ಬಿಡಿಬಿಡಿಯಾಗಿದ್ದು ನೋಡಿ ಕುಣಿದಾಡಿದ್ದೆ. ಸಂಜೆಗೆ ಎಲ್ಲ ಸತ್ತಿದ್ದವು. ಯಾವುದನ್ನೂ ಹಿಡಿಯದ ಆಂಟಿಬಾಡಿ ಹಾಕಿದ ಕಂಟ್ರೋಲ್ ಭ್ರೂಣಗಳೂ ಸತ್ತಿದ್ದವು. ಎರಡೂ ಸೀಸೆಗಳಲ್ಲಿ, ಕೆಡದಿರಲೆಂದು ಹಾಕಿದ ಸೋಡಿಯಂ ಅಜೈಡ್ ಇತ್ತು, ಕೋಶಗಳಿಗೆ ಅದು ವಿಷ. ಲೇಬಲ್ ಮೇಲೆ ಬರೆದೇ ಇತ್ತು, ನಾನು ಓದಿರಲಿಲ್ಲ. ರಾತ್ರಿಯಿಡೀ ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಬಿಡುವ ಪೊರೆಯಲ್ಲಿ ಸೋಸುವುದು) ಮಾಡಿ ಅದನ್ನು ತೆಗೆದ ಮೇಲೆ ಕಂಟ್ರೋಲ್‌ಗಳು ಬದುಕಿ ಬ್ಲಾಸ್ಟೊಸಿಸ್ಟ್, ಅಂದರೆ ಒಳಗೆ ನೀರು ತುಂಬಿದ ಚೆಂಡಿನಂಥ ಮುಂದಿನ ಹಂತದ ಭ್ರೂಣ, ಆದವು.

ಹೊಸಬರಿಗೆ ತೋರಿಸಲು ಈಗಲೂ ಕ್ಯಾಲ್ಸಿಯಂ ಆಟವೇ ಸಾಕು ಅನ್ನುತ್ತೇನೆ. ಆದರೆ ಅಂಟಿಸಿದ್ದು ಇದೇ ಪ್ರೋಟೀನು ಎಂದು ವಾದಿಸಬೇಕಿದ್ದರೆ ಆಂಟಿಬಾಡಿಯ ಖರ್ಚಿಗೆ ಹಿಂಜರಿಯಬೇಡಿ.

ಜೀನನ್ನೇ ತೆಗೆದರೆ ಇನ್ನೂ ಚೊಕ್ಕ ಅಲ್ವಾ ಎಂದು ಕೇಳುತ್ತಾರೆ. ನಾನು ಮಾಡಿಲ್ಲ, ಬೇರೆಯವರು ಮಾಡಿ 1994ರಲ್ಲೇ ಪ್ರಕಟಿಸಿದ್ದಾರೆ. ಜೀನ್ ಇಲ್ಲದ ಭ್ರೂಣಗಳೂ ಮೊದಲಿಗೆ ಅಪ್ಪಿಕೊಂಡವು! ತಾಯಿ ಮೊಟ್ಟೆಯೊಳಗೆ ಕಟ್ಟಿಕೊಟ್ಟ ಪ್ರೋಟೀನಿನ ಬುತ್ತಿ ಇತ್ತಲ್ಲ. ಅದು ಖಾಲಿಯಾದ ಮೇಲೆ ಹೊರಪದರ ಸರಿಯಾಗಿ ಕಟ್ಟಿಕೊಳ್ಳಲೇ ಇಲ್ಲ.